ಮೂರನೇ ಸಿಲಿಂಡರಿನ ಸದ್ದು

ನಮ್ಮ ಮನೆಯ ಇಡ್ಲಿಗೆ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು ಅಂದರೆ ನನ್ನ ಸೊಸೆ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ತಿಂದವಳು ನಾನು. ಗುಬ್ಬಿಯಲ್ಲಿ ನಮ್ಮದು ಎರಡು ಕೋಣೆಯ ಹೆಂಚಿನ ಮನೆ, ಮುಂದೆ ಒಂದು ಜಗಲಿ, ಜಗಲಿಗೆ ಒತ್ತಿಕೊಂಡಂತೆ ತಗಡಿನ ಶೆಡ್ಡು. ಆ ಶೆಡ್ಡೇ ಅಪ್ಪನ ಗ್ಯಾರೇಜು. ಮನೆ ಎಲ್ಲಿ ಮುಗಿಯುತ್ತದೆ, ಗ್ಯಾರೇಜು ಎಲ್ಲಿ ಶುರುವಾಗುತ್ತದೆ ಎನ್ನುವುದರಲ್ಲಿ ಅಪ್ಪನದೊಂದು ಲೆಕ್ಕ, ಅಮ್ಮನದೊಂದು ಲೆಕ್ಕ. ಅಪ್ಪ ಇಂಜಿನ್ ಬಿಚ್ಚಿದನೆಂದರೆ ನಟ್ಟು ಬೋಲ್ಟುಗಳೆಲ್ಲ ನಾವು ಉಣ್ಣುವ ತಟ್ಟೆಗಳಲ್ಲಿ, ದೊಡ್ಡ ಸಾಮಾನು ಮೊರದಲ್ಲಿ. ಸೀಮೆಎಣ್ಣೆಯಲ್ಲಿ ತೊಳೆದ ವಾಲ್ವುಗಳಿಗೆ ಮಾತ್ರ ಇಡ್ಲಿ ತಟ್ಟೆಯೇ ಆಗಬೇಕು. ಒಂದು ವಾಲ್ವಿನ ಜಾಗಕ್ಕೆ ಇನ್ನೊಂದು ಹೋದರೆ ಕೆಲಸ ಕೆಟ್ಟಿತು, ಇಡ್ಲಿ ತಟ್ಟೆಯಲ್ಲಾದರೆ ಒಂದೊಂದಕ್ಕೂ ಒಂದೊಂದು ಗುಳಿ, ಅದಲುಬದಲಾಗುವ ಭಯವಿಲ್ಲ ಎಂದು ಅವನ ವಾದ. ಅಮ್ಮ ಆಮೇಲೆ ಅದಕ್ಕೆ ಬೂದಿ, ಹುಣಸೆಹಣ್ಣು, ಸೀಗೆಪುಡಿ ಎಲ್ಲ ಹಾಕಿ ತಿಕ್ಕುತ್ತಿದ್ದಳು. ವಾಸನೆ ಮಾತ್ರ ಅಲ್ಲಾಡುತ್ತಿರಲಿಲ್ಲ.

“ಬೇರೆಯವ್ರ ಮನೇಲಿ ಇಡ್ಲಿ ತಟ್ಟೇಲಿ ಇಡ್ಲಿ ಬೇಯಿಸ್ತಾರೆ ಕಣ್ರೀ.”

“ನೀನೂ ಬೇಯ್ಸು. ನಾನೇನ್ ಬ್ಯಾಡ ಅಂದ್ನಾ? ಕೆಲ್ಸ ಮುಗೀಲಿ, ಕೊಡ್ತೀನಿ.”

“ಕೊಡ್ತಾರಂತೆ ಕೊಡ್ತಾರೆ! ತವ್ರಿಂದ ತಂದವ್ಳು ನಾನು, ಕೊಡೋರು ಇವ್ರು!”

ಈ ಜಗಳ ನನಗೆ ಎಷ್ಟು ಇಷ್ಟ ಅಂದರೆ, ಅವರು ಮರೆತಿದ್ದರೆ ನಾನೇ ಒಂದು ಮಾತು ಎಸೆದು ಶುರು ಮಾಡಿಸುತ್ತಿದ್ದೆ. ಯಾಕೆಂದರೆ ಅದಕ್ಕೂ ಮುಂಚಿನ ವರ್ಷಗಳಲ್ಲಿ ಜಗಳವಾಡಲು ಅಪ್ಪ ಮನೆಯಲ್ಲೇ ಇರುತ್ತಿರಲಿಲ್ಲ. ತುಮಕೂರಿನಲ್ಲಿ ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ಕೆಲಸ, ಅಲ್ಲೇ ಅಟ್ಟದ ಮೇಲೆ ಮಲಗುವುದು, ಊರಿಗೆ ಬರುವುದು ವಾರಕ್ಕೊಮ್ಮೆ. ಬಂದವನು ನೆಂಟರ ಹಾಗೆ ಚಾಪೆಯ ತುದಿಯಲ್ಲಿ ಕೂತು, ಕೊಟ್ಟಿದ್ದನ್ನು ತಿಂದು, ನನ್ನನ್ನು ‘ಯಾವ ಕ್ಲಾಸೇ ನೀನು ಈಗ?’ ಎಂದು ಕೇಳುತ್ತಿದ್ದ. ಸ್ವಂತ ಅಪ್ಪ! ಇದನ್ನು ನೋಡಲಾರದೆ ಅಜ್ಜಿ, ಅಂದರೆ ಅಪ್ಪನ ಅವ್ವ, ಒಂದು ದಿನ ಮನೆ ಮುಂದಿನ ಕೊಟ್ಟಿಗೆಯಿಂದ ತನ್ನ ಎಮ್ಮೆಯನ್ನು ಬಿಚ್ಚಿ ಅಮೃತೂರಿನ ತನ್ನ ತಂಗಿಯ ಮನೆಗೆ ಹೊಡೆಸಿಬಿಟ್ಟಳು. ‘ಇಲ್ಲೇ ತಗಡು ಹಾಕ್ಸಪ್ಪ, ಇಲ್ಲೇ ರಿಪೇರಿ ಮಾಡು, ಹೆಂಡ್ತಿ ಮಕ್ಕಳ ಮುಖ ನೋಡ್ಕಂಡು ಬಾಳು’ ಅಂದಳು. ಎಮ್ಮೆ ಹೋದ ಮೇಲೆ ಅವಳು ಒಂದಷ್ಟು ದಿನ ಬೆಳಗ್ಗೆ ಎದ್ದು ಸುಮ್ಮನೆ ಖಾಲಿ ಗೊಂತಿನ ಹತ್ತಿರ ಹೋಗಿ ನಿಲ್ಲುತ್ತಿದ್ದುದು ನನಗೆ ಗೊತ್ತು.

ಅಜ್ಜಿಯದು ಒಂದೇ ಪಟ್ಟು. ಶೆಡ್ಡಿನಿಂದ ಆಚೆ ಹೋಗುವ ಯಾವ ಗಾಡಿಯಾದರೂ ಅವಳಿಂದ ವಿಭೂತಿ ಹಚ್ಚಿಸಿಕೊಂಡೇ ಹೋಗಬೇಕು. ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದು, ಚಕ್ರಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅಪ್ಪ ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ‘ಬಾನೆಟ್ಟಿನ ಮೇಲೆ ಏನಾದ್ರೂ ಹಚ್ಕೋ ಅವ್ವ, ಒಳಗೆ ಮಾತ್ರ ಕೈ ಹಾಕ್ಬ್ಯಾಡ’ ಅನ್ನುತ್ತಿದ್ದ. ಮೊದಮೊದಲು ಬರುತ್ತಿದ್ದುದೂ ಅಂಥ ದೊಡ್ಡ ಕೆಲಸವಲ್ಲ. ಪಂಕ್ಚರ್, ಬ್ರೇಕು, ಆಯಿಲ್ ಬದಲಿಸುವುದು, ಹೆಚ್ಚೆಂದರೆ ಕ್ಲಚ್ ಪ್ಲೇಟು. ಪೂರಾ ಇಂಜಿನ್ ಬಿಚ್ಚುವ ಕೆಲಸವೆಲ್ಲ ತುಮಕೂರಿಗೇ ಹೋಗುತ್ತಿತ್ತು. ಹೀಗಿರುವಾಗ ಚೇಳೂರಿನ ಕೊಬ್ಬರಿ ಸಾಹುಕಾರರು ತಮ್ಮ ಕಪ್ಪು ಕಾರನ್ನು ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ, ‘ಇಂಜಿನ್ ಫುಲ್ ಕೆಲ್ಸ ಆಗ್ಬೇಕು, ನೀನೇ ಮಾಡು, ನೋಡಣ’ ಅಂದರು. ಅಪ್ಪ ಅವತ್ತು ಊಟಕ್ಕೆ ಕೂತು ಅನ್ನ ಕಲಸಿದವನು ಹಾಗೇ ಕೂತಿದ್ದ. ಇದು ಸರಿಹೋದರೆ ಕೊಬ್ಬರಿ ಮಂಡಿಯವರ ಗಾಡಿಗಳೆಲ್ಲ ಇಲ್ಲಿಗೇ ಬರುತ್ತವೆ, ಕೆಟ್ಟರೆ ಶೆಡ್ಡು ಮುಚ್ಚಿಕೊಂಡು ಮತ್ತೆ ಉಸ್ತಾದರ ಅಟ್ಟವೇ ಗತಿ ಎಂದು ಅವನು ಅಮ್ಮನಿಗೆ ಹೇಳಿದ್ದು ಗೋಡೆಯ ಈಚೆಗಿದ್ದ ನನಗೆ ಕೇಳಿಸಿತು. ನನಗೆ ಇಂಜಿನ್ನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅಟ್ಟದ ಬಗ್ಗೆ ಚೆನ್ನಾಗಿ ಗೊತ್ತಿತ್ತು.

ಕೆಲಸ ಮುಗಿಯಿತು. ಸಾಹುಕಾರರು ಕಾರು ತೆಗೆದುಕೊಂಡು ಹೋದರು. ಒಂದು ವಾರ ಕಳೆಯುವ ಮೊದಲೇ ವಾಪಸ್ಸು ತಂದರು. ಅದು ಇನ್ನೂ ರಸ್ತೆಯ ತಿರುವಿನಲ್ಲಿದ್ದಾಗಲೇ ಅಪ್ಪ ಕೈಯಲ್ಲಿದ್ದ ಕಾಫಿ ಲೋಟ ಜಗಲಿಯ ಮೇಲಿಟ್ಟು ಎದ್ದು ನಿಂತ. ‘ಟಕ ಟಕ ಟಕ’ ಎಂದು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಕಾರು ಕುಂಟಿಕೊಂಡು ಬಂದು ನಿಂತಿತು.

“ಏನಯ್ಯಾ ಇದು? ಏರು ಹತ್ತಲ್ಲ ಅಂತೈತೆ. ಪಿಕಪ್ ಇಲ್ಲ, ಮ್ಯಾಲೆ ಈ ಗಡಗಡ ಬೇರೆ. ಹಿಂಗ್ ಮಾಡಿಸ್ಕಳಕ್ಕೆ ನಾನು ಗುಬ್ಬೀಗೆ ಬರ್ಬೇಕಿತ್ತಾ?”

“ಬುಟ್ಟೋಗಿ ಸಾಹುಕಾರ್ರೆ. ನೋಡ್ತೀನಿ.”

“ನಾಡಿದ್ದು ಬತ್ತೀನಿ. ಆಗಲ್ಲ ಅಂದ್ರೆ ಬಾಯ್ಬುಟ್ಟು ಹೇಳ್ಬುಡು, ತುಮಕೂರಿಗೆ ಹೊಡಿಸ್ತೀನಿ.”

ಅವರು ಬಸ್ಸಿಗೆ ಹೊರಟ ಮೇಲೆ ಅಪ್ಪ ಇಂಜಿನ್ ಓಡಿಸಿಟ್ಟು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತ. ನಾಲ್ಕು ಸಿಲಿಂಡರಿನ ಇಂಜಿನ್ ಅದು. ಸರಿಯಾಗಿ ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರು ಕಿತ್ತರೆ ಇಂಜಿನ್ ಇನ್ನಷ್ಟು ಮುಗ್ಗರಿಸಬೇಕು. ಮೂರನೆಯದರ ವೈರು ಕಿತ್ತಾಗ ಅದಕ್ಕೆ ಏನೂ ಅನ್ನಿಸಲೇ ಇಲ್ಲ. ಅಂದರೆ ಅದು ಮೊದಲೇ ಸತ್ತಿತ್ತು. ಆಮೇಲೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಡಾಕ್ಟರು ಎದೆ ನೋಡುವ ಹಾಗೆ ಕೆಳಗೂ ಮೇಲೂ ಆಲಿಸಿದ. ಸದ್ದು ಕೆಳಗಿನ ಬೇರಿಂಗಿನದಲ್ಲ, ಮೇಲಿನದು, ಅದೇ ಮೂರನೆಯದರ ನೆತ್ತಿಯಲ್ಲಿ. ಅವನ ಮುಖ ಆಗ ಸಣ್ಣಗಾಯಿತು. ಮೆಕ್ಯಾನಿಕ್ಕಿಗೆ ಇರುವ ದೊಡ್ಡ ಭಯ ಏನು ಅಂದರೆ, ಬಿಚ್ಚಿ ಜೋಡಿಸುವಾಗ ಒಳಗೆ ಏನನ್ನೋ ಮರೆತುಬಿಟ್ಟಿದ್ದೇನೆ ಎನ್ನುವುದು.

ಕಂಪ್ರೆಷನ್ ನೋಡುವ ಕೆಲಸಕ್ಕೆ ಅಮ್ಮ ಬೇಕು. ಅಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಆದರೆ ಡ್ರೈವರ್ ಸೀಟಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತು, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ಎಳೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಪ್ಪ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆ ತೂತಿಗೆ ಗೇಜು ಒತ್ತಿ ಹಿಡಿದು ‘ಹೊಡಿ’ ಅನ್ನುತ್ತಿದ್ದ, ಇವಳು ಎಳೆಯುತ್ತಿದ್ದಳು. ಇದೆಲ್ಲ ಏನಕ್ಕೆ ಎಂದು ಒಮ್ಮೆ ಅಮ್ಮ ಕೇಳಿದ್ದಕ್ಕೆ ಅವನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

“ಕುಕ್ಕರ್ ಇದ್ದಂಗೆ ಕಣೇ. ಮುಚ್ಚಳ ಬಿಗಿಯಾಗಿದ್ರೆ ವಿಷಲ್ ಹೊಡಿತೈತೆ. ಎಲ್ಲೋ ಸೋರ್ತಿದ್ರೆ ಪುಸ್ಸಂತೈತೆ, ಬೇಳೆ ಬೇಯಲ್ಲ. ಇಂಜಿನ್ನೂ ಅಷ್ಟೆ. ಗಾಳಿ ಪೆಟ್ರೋಲು ಒಳಕ್ ಎಳ್ಕಂಡು, ಬಾಗ್ಲೆಲ್ಲ ಹಾಕಿ ಅಮುಕ್ಬೇಕು. ಅಮುಕೋ ಶಕ್ತೀನೇ ಕಂಪ್ರೆಷನ್ನು.”

ಬೇರೆ ಮೂರು ತೂತುಗಳಲ್ಲಿ ಗೇಜಿನ ಮುಳ್ಳು ಚಂಗನೆ ಮೇಲೆದ್ದಿತು. ಮೂರನೇ ಸಿಲಿಂಡರಿನಲ್ಲಿ ಅರ್ಧಕ್ಕೂ ಬರದೆ ಸುಸ್ತಾಗಿ ನಿಂತಿತು. ಆಗ ಅಪ್ಪ ಅದರ ತೂತಿನೊಳಗೆ ಒಂದು ಚಮಚೆಯಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ‘ಹೊಡಿ’ ಅಂದ. ಪಿಸ್ಟನ್ನಿನ ಸುತ್ತ ಇರುವ ರಿಂಗು ಸವೆದು ಸೋರುತ್ತಿದ್ದರೆ ಆ ಸಂದನ್ನು ಎಣ್ಣೆ ಮುಚ್ಚುತ್ತದೆ, ಮುಳ್ಳು ಏರುತ್ತದೆ. ಏರಲಿಲ್ಲವೆಂದರೆ ಸೋರುತ್ತಿರುವುದು ಗಾಳಿಯ ಬಾಗಿಲಾದ ಮೇಲಿನ ವಾಲ್ವಿನಲ್ಲಿ. ಮುಳ್ಳು ಏರಲಿಲ್ಲ. ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು, ಕುಣಿಗಲ್ ರಸ್ತೆಯಲ್ಲಿ ನಮ್ಮ ಕಾರು ಸದ್ದು ಮಾಡಿತೆಂದು ತುಮಕೂರಿನ ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಅಲ್ಲಿನ ಮೆಕ್ಯಾನಿಕ್ಕು ಏನೇನೋ ಕಂಪ್ಯೂಟರು ಸಿಕ್ಕಿಸಿ ನೋಡಿ, ಕೊನೆಗೆ ಇದನ್ನೇ ಮಾಡಿದ, ಎಣ್ಣೆ ಬಿಟ್ಟು ಮುಳ್ಳು ನೋಡಿದ. ನನಗೆ ಅವನ ಬೆನ್ನು ತಟ್ಟಬೇಕೆನ್ನಿಸಿತು. ಅವತ್ತು ಶೆಡ್ಡಿನಲ್ಲಿ ಅಪ್ಪ ಗೇಜು ಕೆಳಗಿಟ್ಟು ಅಮ್ಮನ ಕಡೆ ತಿರುಗಿದ.

“ರಿಂಗಲ್ಲ. ವಾಲ್ವು ಮುಚ್ಕೊಳ್ತಾ ಇಲ್ಲ. ಒಳಗೆ ಏನೋ ಐತೆ. ಹೆಡ್ಡು ಎತ್ಲೇಬೇಕು.”

“ಏನಿರುತ್ತೆ ರೀ?”

“ನಾನೇ ಏನೋ ಬುಟ್ಟಿರ್ಬೇಕು.”

ಅದನ್ನು ಹೇಳುವಾಗ ಅವನ ದನಿ ಎಷ್ಟು ಕೆಳಗಿತ್ತೆಂದರೆ ಅಮ್ಮ ಇಡ್ಲಿ ತಟ್ಟೆಯನ್ನು ತಾನೇ ತಂದು ಅವನ ಪಕ್ಕದಲ್ಲಿಟ್ಟಳು. ಜಗಲಿಯ ಮೇಲೆ ಹುರುಳಿಕಾಳು ಆರಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಇಂಜಿನ್ನಿನ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಎತ್ತಬೇಕಾದರೆ ಮೊದಲು ಮೇಲಿನ ಏರ್ ಕ್ಲೀನರ್ ತೆಗೆಯಬೇಕು. ಇಂಜಿನ್ನಿಗೆ ಹೋಗುವ ಗಾಳಿ ಮೊದಲು ಹೊಗುವ ದುಂಡನೆಯ ಡಬ್ಬಿ ಅದು. ಅಪ್ಪ ಅದರ ಮುಚ್ಚಳ ಬಿಚ್ಚಿದ. ನಡುವಿನ ಕಡ್ಡಿಗೆ ಹಳದಿ ದಾರದ ಒಂದು ಸುತ್ತು ಅಂಟಿಕೊಂಡಿತ್ತು. ಅದನ್ನು ಉಗುರಿನಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಏನೂ ಹೊಳೆಯದೆ ಪಕ್ಕಕ್ಕಿಟ್ಟ. ಹೆಡ್ಡು ಎತ್ತಿದಾಗ ಮೂರನೇ ಪಿಸ್ಟನ್ನಿನ ತಲೆಯೆಲ್ಲ ಗುಳಿ ಗುಳಿ. ಅದರ ಮೇಲೆ ಮಸಿ ಹಿಡಿದು ಚಪ್ಪಟೆಯಾದ ಒಂದು ಚೂರು ಕೂತಿತ್ತು. ಅದರದೇ ಇನ್ನೊಂದು ತುಣುಕು ವಾಲ್ವಿನ ಅಂಚಿಗೆ ಸಿಕ್ಕಿ, ಅದು ಪೂರ್ತಿ ಮುಚ್ಚಿಕೊಳ್ಳದ ಹಾಗೆ ಮಾಡಿತ್ತು. ಅಪ್ಪ ಆ ಚೂರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿದ. ಬೆಳ್ಳಗೆ ಹೊಳೆಯಿತು.

“ಇದು ಇಂಜಿನ್ ಸಾಮಾನಲ್ಲ ಕಣೇ. ಬೆಳ್ಳಿ ಇದು.”

ಮೊರ ಕೆಳಗಿಟ್ಟು ಅಜ್ಜಿ ಎದ್ದು ಬಂದಳು.

“ನಂದು ಕಣಪ್ಪ ಅದು.”

“ನಿಂದಾ?”

“ನೀನು ಕೂಸಾಗಿದ್ದಾಗ ಉಡಿದಾರಕ್ಕೆ ಕಟ್ಟಿದ್ದ ಗೆಜ್ಜೆ. ಮುಡುಪು ಕಟ್ಟಿದ್ದೆ. ನಿನ್ ಮೊದಲನೇ ಇಂಜಿನ್ನು, ಯಾರ ಕಣ್ಣೂ ಬೀಳ್ದಿರ್ಲಿ, ಕೈ ಹತ್ಲಿ ಅಂತ. ನೀನು ಉಣ್ಣಕ್ ಹೋಗಿದ್ದಾಗ ಮುಚ್ಚಳ ತಿರುವಿ ತೆಗ್ದು ಕಟ್ದೆ. ಇಂಜಿನ್ನು ಉಸಿರು ಎಳ್ಕಳೋದು ಇಲ್ಲಿಂದ ಅಂತ ನೀನೇ ಹೇಳಿರ್ಲಿಲ್ವಾ? ಉಸಿರಿರೋ ತಾವೇ ಕಟ್ಟಣ ಅಂತ ಕಟ್ದೆ.”

ಮುಡುಪು ಅಂದರೆ ಹರಕೆ ಹೊತ್ತಾಗ ಅರಿಶಿನದ ಬಟ್ಟೆಯಲ್ಲಿ ಕಾಸನ್ನೋ ಬೆಳ್ಳಿಯನ್ನೋ ಗಂಟು ಕಟ್ಟಿಡುವುದು, ಕೆಲಸ ಕೈಗೂಡಿದ ಮೇಲೆ ಬಿಚ್ಚಿ ದೇವರಿಗೆ ಒಪ್ಪಿಸುವುದು. ಜನ ಅದನ್ನು ದೇವರ ಗೂಡಿನಲ್ಲಿ ಕಟ್ಟುತ್ತಾರೆ, ತೊಲೆಗೆ ಕಟ್ಟುತ್ತಾರೆ. ಕಾರಿನ ಏರ್ ಕ್ಲೀನರಿನೊಳಗೆ ಕಟ್ಟಿದವಳು ಈ ಭೂಮಿಯ ಮೇಲೆ ನಮ್ಮಜ್ಜಿ ಒಬ್ಬಳೇ ಇರಬೇಕು. ನಾಲ್ಕು ದಿನ ಗಂಟು ತಡೆದಿದೆ, ಆಮೇಲೆ ಸಡಿಲವಾಗಿ ಗಾಳಿಯ ಸೆಳೆತಕ್ಕೆ ಬಟ್ಟೆ ಸಮೇತ ಒಳಗೆ ಹೋಗಿದೆ. ಬಟ್ಟೆ ಸುಟ್ಟುಹೋಯಿತು, ಗೆಜ್ಜೆ ಉಳಿದು ಇಂಜಿನ್ನನ್ನು ಕುಟ್ಟಿತು. ಅಪ್ಪ ಆ ಚೂರನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. ಈಗ ಕೂಗಾಡುತ್ತಾನೆ, ಈಗ ಕೂಗಾಡುತ್ತಾನೆ ಎಂದು ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ.

“ಒಂದು ಮಾತು ಹೇಳ್ಬಾರ್ದಿತ್ತಾ ಅವ್ವ?”

“ಹೇಳಿದ್ರೆ ಕಟ್ಟಕ್ ಬುಡ್ತಿದ್ದಾ?”

“ಇಲ್ಲ.”

“ಅದ್ಕೇ ಹೇಳ್ಲಿಲ್ಲ.”

ಅಪ್ಪನಿಗೆ ನಗು ಬಂದುಬಿಟ್ಟಿತು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಅತ್ತೆಯ ಎದುರು ಎಂದೂ ದನಿ ಎತ್ತದವಳು ಅವತ್ತು, ‘ನಿಮ್ಮ ಭಕ್ತೀಲಿ ನನ್ ಗಂಡ ತಿರ್ಗಾ ಅಟ್ಟ ಹತ್ಬೇಕು, ಅಷ್ಟೇ ತಾನೇ ಅತ್ತೆ?’ ಅಂದಳು. ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅವತ್ತೂ ಮಾರನೆಯ ದಿನವೂ ಶೆಡ್ಡು ಬಿಟ್ಟು ಏಳಲಿಲ್ಲ. ಪಿಸ್ಟನ್ನಿನ ಗುಳಿಗಳ ಅಂಚನ್ನು ತಿಕ್ಕಿ ನಯ ಮಾಡಿದ, ವಾಲ್ವಿಗೆ ಉಜ್ಜುವ ಪೇಸ್ಟು ಹಚ್ಚಿ, ಅದಕ್ಕೆ ಕಚ್ಚಿಸಿದ ಕೋಲನ್ನು ಎರಡು ಅಂಗೈಯ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ ತಿರುಗಿಸಿ ಕೂರಿಸಿದ. ಊಟವನ್ನು ಅಜ್ಜಿಯೇ ತಂದು ಜಗಲಿಯ ಮೇಲಿಟ್ಟು, ಶೆಡ್ಡಿನೊಳಗೆ ಕಾಲಿಡದೆ ಹೋಗುತ್ತಿದ್ದಳು. ಎಲ್ಲ ಜೋಡಿಸಿ ಅಮ್ಮ ಸ್ಟಾರ್ಟರ್ ಎಳೆದಾಗ ಮೂರನೇ ಸಿಲಿಂಡರಿನ ಮುಳ್ಳು ಉಳಿದವುಗಳ ಸಮಕ್ಕೆ ಎದ್ದು ನಿಂತಿತು. ಸಾಹುಕಾರರಿಗೆ ಏನು ಹೇಳುವುದೆನ್ನುವುದೊಂದೇ ಉಳಿದಿತ್ತು. ನಿಜ ಹೇಳಿ, ಇಲ್ಲದಿದ್ದರೆ ನಿಮ್ಮ ಕೈಯೇ ಸರಿಯಿಲ್ಲ ಅಂತಾರೆ ಎಂದು ಅಮ್ಮ. ಅವ್ವನನ್ನು ಸಾಹುಕಾರರ ಮುಂದೆ ತಲೆ ತಗ್ಗಿಸಿ ನಿಲ್ಲಿಸುವುದಿಲ್ಲ ಎಂದು ಅಪ್ಪ.

ಸಾಹುಕಾರರು ಬಂದಾಗ ಅಪ್ಪ ಹೇಳಿದ್ದು ಇಷ್ಟು. ‘ಒಳಗೆ ಒಂದು ಚೂರು ಉಳ್ಕಂಡಿತ್ತು. ನನ್ ಶೆಡ್ಡಲ್ಲಾದ ತಪ್ಪು, ನಂದೇ ತಪ್ಪು. ಸರಿ ಮಾಡಿದೀನಿ.’ ಅವರು ತಲೆಯಾಡಿಸಿ ಕೀ ತೆಗೆದುಕೊಳ್ಳುವಷ್ಟರಲ್ಲಿ ಮಜ್ಜಿಗೆ ಲೋಟ ಹಿಡಿದು ಅಜ್ಜಿ ಹೊರಗೆ ಬಂದಳು. ‘ಅವ್ನು ಸುಳ್ಳೇಳ್ತಾವ್ನೆ ಸಾಹುಕಾರ್ರೆ’ ಎಂದು ಶುರು ಮಾಡಿ, ಉಡಿದಾರದಿಂದ ಹಿಡಿದು ಕೊನೆಯ ತನಕ ಒಂದೂ ಬಿಡದೆ ಹೇಳಿದಳು. ದೇವರ ವಿಷಯ, ಮುಡುಪಿನ ವಿಷಯ, ಸಾಹುಕಾರರು ಕರಗುತ್ತಾರೆ ಎಂದುಕೊಂಡೆ. ಅವರ ಮುಖ ಕೆಂಪಗಾಯಿತು.

“ನಾನು ಗಾಡಿ ಕೊಟ್ಟಿದ್ದು ನಿನ್ನ ನಂಬ್ಕಂಡು ಕಣಯ್ಯ. ನಿಮ್ಮವ್ವನ್ನ ನಂಬ್ಕಂಡಲ್ಲ.”

ಮಜ್ಜಿಗೆ ಮುಟ್ಟದೆ ಕಾರು ಹತ್ತಿ ಹೋದರು. ಆಮೇಲೆ ಶೆಡ್ಡಿಗೆ ಸೈಕಲ್ಲು ಬಿಟ್ಟರೆ ಏನೂ ಬರಲಿಲ್ಲ. ಒಂದು ದಿನ ಸ್ಕೂಲಿನಿಂದ ಬಂದಾಗ ಗೂಟಕ್ಕೆ ನೇತುಹಾಕಿದ್ದ ಅಪ್ಪ ಮೊದಲು ತುಮಕೂರಿಗೆ ಒಯ್ಯುತ್ತಿದ್ದ ಹಳೆಯ ಬಟ್ಟೆಚೀಲ ಒಗೆದು ಹಗ್ಗದ ಮೇಲೆ ಒಣಗುತ್ತಿತ್ತು. ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವತ್ತು ಊಟಕ್ಕೆ ಕರೆದರೂ ಏಳದೆ ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತೆ.

ಚೀಲ ಒಣಗಿ ಮತ್ತೆ ಗೂಟಕ್ಕೆ ಬಂದು, ಹೊರಡುವ ದಿನವೂ ಗೊತ್ತಾದ ಮೇಲೆ, ಒಂದು ಬೆಳಗ್ಗೆ ಸಾಹುಕಾರರ ಜೀಪು ಬಂದು ನಿಂತಿತು. ಅವರೇ ಇಳಿದರು.

“ಕಾರು ಚೆನ್ನಾಗ್ ಓಡ್ತೈತೆ. ಕುಣಿಗಲ್ ಗಂಟ ಹೋಗ್ಬಂದೆ, ತಕರಾರಿಲ್ಲ. ಈ ಜೀಪಿನ ಇಂಜಿನ್ನೂ ನೀನೇ ಬಿಚ್ಚು. ಮಂಡಿಯೋರಿಗೂ ಹೇಳಿದೀನಿ, ಬತ್ತಾರೆ. ಒಂದೇ ಮಾತು. ನಮ್ ಗಾಡಿಗಳು ಇಲ್ಲಿರೋ ಗಂಟ ನಿಮ್ಮವ್ವ ಶೆಡ್ಡಿನ ಕಡೆ ಸುಳೀಬಾರ್ದು.”

ಅಜ್ಜಿ ಜಗಲಿಯ ಮೇಲೇ ಇದ್ದಳು. ‘ಆಗ್ಲಿ ಸಾಹುಕಾರ್ರೆ’ ಎಂದು ತಾನೇ ಏಳಲು ಹೊರಟಳು. ಬಾಗಿಲಲ್ಲಿ ನಿಂತ ಅಮ್ಮ ಹೂಂ ಅನ್ನಿ, ಹೂಂ ಅನ್ನಿ ಎಂದು ಅಪ್ಪನಿಗೆ ಕಣ್ಣಲ್ಲೇ ಹೇಳುತ್ತಿದ್ದಳು. ನಾನೂ ಮನಸ್ಸಿನಲ್ಲಿ ಅದನ್ನೇ ಕೂಗುತ್ತಿದ್ದೆ. ಅಪ್ಪ ಕೈ ಒರೆಸಿಕೊಂಡ.

“ಕೂತ್ಕೋ ಅವ್ವ. ಸಾಹುಕಾರ್ರೆ, ಈ ಜಾಗ ಅವ್ಳುದು. ಎಮ್ಮೆ ಕಳಿಸಿ ನಂಗೆ ಬುಟ್ಕೊಟ್ಟವ್ಳೆ. ಅವ್ಳನ್ನ ಆಚೆ ಹಾಕಿ ನಾನಿಲ್ಲಿ ಪಾನಾ ಹಿಡಿಯಕ್ಕಾಗಲ್ಲ. ಒಂದು ಮಾಡ್ತೀನಿ. ಇನ್ಮೇಲೆ ಇಂಜಿನ್ ಮುಚ್ಚೋ ಮುಂಚೆ ಒಳಗೆ ಏನಾದ್ರೂ ಉಳ್ದೈತಾ ಅಂತ ನೋಡೋದು ನಮ್ಮವ್ವನ ಕೆಲ್ಸ. ಅವ್ಳು ಹೂಂ ಅನ್ನೋ ಗಂಟ ಗಾಡಿ ಆಚೆ ಹೋಗಲ್ಲ.”

“ಅವ್ರಿಗೇ ಕೊಡ್ತೀಯಾ ಆ ಕೆಲ್ಸಾನ?”

“ಅವ್ಳಿಗಿಂತ ಹುಷಾರಾಗಿ ಇನ್ಯಾರು ನೋಡ್ತಾರೆ ಹೇಳಿ?”

ಸಾಹುಕಾರರು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ಟೈರಿಗೆ ಒದ್ದರು. ಆಮೇಲೆ ಜಗಲಿಗೆ ಬಂದು ಕೀಯನ್ನು ಅಜ್ಜಿಯ ಪಕ್ಕದಲ್ಲಿಟ್ಟು, ‘ತಗಳಮ್ಮ, ಸರಿಯಾಗಿ ನೋಡಿ ಕಳ್ಸು’ ಅಂದರು. ಅಮ್ಮ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಆ ಶೆಡ್ಡಿನಿಂದಲೇ ನಾನು ಓದಿದೆ, ಟೀಚರ್ ಆದೆ, ಮದುವೆಯಾಗಿ ತುಮಕೂರಿಗೆ ಬಂದೆ. ಕ್ಲಾಸಿನಲ್ಲಿ ಮಕ್ಕಳು ಏನಾದರೂ ಒಡೆದರೆ ಬೇರೆ ಟೀಚರುಗಳು ಅವರನ್ನು ಆಚೆ ನಿಲ್ಲಿಸುತ್ತಿದ್ದರು. ನನಗೆ ಮಾತ್ರ ಹಾಗೆ ಮಾಡಲು ಬರಲೇ ಇಲ್ಲ, ಒಡೆದವರ ಕೈಗೇ ಬೀರುವಿನ ಕೀ ಕೊಡುತ್ತಿದ್ದೆ. ಹೆಡ್‌ಮಾಸ್ಟರು ಬೈಯುತ್ತಿದ್ದರು, ಬೈಯಲಿ. ಇದನ್ನು ನನಗೆ ಕೊಟ್ಟವನು ಅಪ್ಪ, ಅವನಿಗೆ ನಾನು ಎಷ್ಟು ಋಣಿ ಎಂದು ಬದುಕಿದ್ದಾಗ ಒಮ್ಮೆಯೂ ಹೇಳಲಿಲ್ಲ, ನಮ್ಮಲ್ಲಿ ಹಾಗೆಲ್ಲ ಹೇಳುವ ರೂಢಿ ಇಲ್ಲ. ಅಜ್ಜಿ ಆ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ಮೊದಲು ಸೋಪು ಹಾಕಿ ಕೈ ತೊಳೆದು, ಎರಡೂ ಅಂಗೈಗಳನ್ನು ಬಿಚ್ಚಿ ಗಾಡಿಯವರಿಗೆ ತೋರಿಸಿ, ಆಮೇಲೆ ಬಗ್ಗುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಅವಳಿಗೆ ಎರಡೂ ಕಣ್ಣು ಹೋದವು. ನಾನು ತವರಿಗೆ ಹೋದಾಗಲೆಲ್ಲ ನೋಡಿದ್ದೇನೆ. ಗಿರಾಕಿಗಳು ಎಷ್ಟೇ ಅವಸರ ಮಾಡಲಿ, ಅಪ್ಪ ಅವಳನ್ನು ಜಗಲಿಯಿಂದ ನಿಧಾನಕ್ಕೆ ಇಳಿಸಿ ಕರೆದುಕೊಂಡು ಬಂದು, ಅವಳ ಕೈಯನ್ನು ಇಂಜಿನ್ನಿನೊಳಗೆ ಇಡುತ್ತಿದ್ದ. ಅವಳು ಬೆರಳಿನಿಂದ ಮೂಲೆ ಮೂಲೆ ತಡವುತ್ತಿದ್ದಳು. ‘ಏನೂ ಇಲ್ಲ ಕಣಪ್ಪ, ಮುಚ್ಚು’ ಎನ್ನುವ ತನಕ ಅಪ್ಪ ಮುಚ್ಚಳ ಕೈಯಲ್ಲಿ ಹಿಡಿದು ಕಾಯುತ್ತಾ ನಿಂತಿರುತ್ತಿದ್ದ.